ಸುಂಕದವರ ಮುಂದೆ: ಅಮೆರಿಕಕ್ಕೆ ವಲಸೆ ಹೋದವರ ಸಿನಿಮಾಗಳು

ಪ್ರಶ್ನೆ: ನನ್ನ ಮಗ ಎಂ.ಎಸ್. ಓದಲೆಂದು ಅಮೆರಿಕಕ್ಕೆ ಹೋದವನು ಅಲ್ಲಿಯೇ ಕೆಲಸಕ್ಕೆ ಸೇರಿದ. ಫೋನಿನಲ್ಲಿ ಏನು ಕೇಳಿದರೂ ‘ಎಲ್ಲ ಚೆನ್ನಾಗಿದೆ ಅಮ್ಮ’ ಎಂಬ ಒಂದೇ ಉತ್ತರ. ಕೈಕಾಲಿಗೆ ಕೋಳ ತೊಡಿಸಿ ನಮ್ಮವರನ್ನು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ ಸುದ್ದಿ ನೋಡಿದಾಗಿನಿಂದ, ಅಲ್ಲಿಗೆ ಹೋದವರು ನಿಜವಾಗಿ ಏನು ಪಡಿಪಾಟಲು ಪಡುತ್ತಾರೆ ಎಂಬುದನ್ನು ತೋರಿಸುವ ಸಿನಿಮಾಗಳನ್ನು ನೋಡಬೇಕೆನ್ನಿಸಿದೆ. ‘ಗಾಡ್‌ಫಾದರ್’ ಎರಡನೆಯ ಭಾಗದಲ್ಲಿ ಹುಡುಗನ ಹೆಸರನ್ನೇ ಅಧಿಕಾರಿ ಬದಲಾಯಿಸಿಬಿಡುತ್ತಾನೆ. ಹಾಗೆಲ್ಲ ನಡೆಯುತ್ತಿತ್ತೇ? ಇಂಥ ಸಿನಿಮಾಗಳಲ್ಲಿ ಯಾವುದನ್ನು ನಂಬಬಹುದು, ಎಲ್ಲಿಂದ ಶುರು ಮಾಡಲಿ? (ತುಮಕೂರಿನ ಓದುಗರೊಬ್ಬರು)

ಉತ್ತರ: ಹೆಸರಿನ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಆ ಒಂದು ದೃಶ್ಯ ಬಹಳ ಜನರನ್ನು ದಾರಿ ತಪ್ಪಿಸಿದೆ. 1974ರ ಆ ಚಿತ್ರದಲ್ಲಿ ಸಿಸಿಲಿಯಿಂದ ಒಂಟಿಯಾಗಿ ಬಂದ ಹುಡುಗ ವೀಟೊ ಆಂಡೊಲಿನಿ ಬಾಯಿ ಬಿಡದೆ ನಿಂತಿರುತ್ತಾನೆ. ಊರಿನ ಹೆಸರಾದ ಕೊರ್ಲಿಯೋನೆಯನ್ನೇ ಗುಮಾಸ್ತ ಮನೆತನದ ಹೆಸರೆಂದು ಬರೆದುಕೊಂಡು ಮುಂದಿನವನನ್ನು ಕರೆಯುತ್ತಾನೆ. ನಾಟಕಕ್ಕೆ ಬಹಳ ಚೆನ್ನಾಗಿದೆ, ಚರಿತ್ರೆಗೆ ಒಪ್ಪುವುದಿಲ್ಲ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಒಳಬಂದರು. ಅಲ್ಲಿನ ಅಧಿಕಾರಿಗಳು ಹೆಸರನ್ನು ಕೇಳಿ ಬರೆದುಕೊಳ್ಳುತ್ತಿರಲಿಲ್ಲ. ಹಡಗು ಹೊರಡುವ ಬಂದರಿನಲ್ಲಿಯೇ ಕಂಪನಿಯವರು ಪ್ರಯಾಣಿಕರ ಪಟ್ಟಿ ತಯಾರಿಸಿ ತರುತ್ತಿದ್ದರು. ದ್ವೀಪದವರ ಕೆಲಸ ಮನುಷ್ಯನನ್ನು ಆ ಪಟ್ಟಿಯ ಜೊತೆ ತಾಳೆ ನೋಡುವುದು. ದುಭಾಷಿಗಳೂ ಇದ್ದರು. ಮುಂದೆ ನ್ಯೂಯಾರ್ಕಿನ ಮೇಯರ್ ಆದ ಫಿಯೊರೆಲ್ಲೊ ಲಾಗಾರ್ಡಿಯಾ ತಮ್ಮ ಯೌವನದಲ್ಲಿ ಅಲ್ಲಿ ದುಭಾಷಿಯಾಗಿದ್ದರು. ಹೆಸರು ಬದಲಾಯಿಸಿಕೊಂಡವರು ಇಲ್ಲವೆಂದಲ್ಲ, ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಬದಲಾಯಿಸಿಕೊಂಡದ್ದು ಊರೊಳಗೆ ಬಂದು ನೆಲೆ ನಿಂತ ಮೇಲೆ, ಕೆಲಸ ಸಿಗಲಿ, ಮಕ್ಕಳನ್ನು ಶಾಲೆಯಲ್ಲಿ ಯಾರೂ ಆಡಿಕೊಳ್ಳದಿರಲಿ ಎಂದು, ತಮ್ಮ ಕೈಯಾರೆ. ನನ್ನ ಮಟ್ಟಿಗೆ ಇದು ಸಿನಿಮಾದ ದೃಶ್ಯಕ್ಕಿಂತ ಕ್ರೂರವಾದ ಸಂಗತಿ. ಗುಮಾಸ್ತ ತಪ್ಪು ಬರೆದರೆ ಅವನನ್ನು ಬೈಯಬಹುದು; ತಾನೇ ಅಳಿಸಿಕೊಂಡದ್ದಕ್ಕೆ ಯಾರನ್ನು ಬೈಯುವುದು?

ಅಲ್ಲಿನ ನಿಜವಾದ ಭಯ ಬೇರೆಯದೇ ಆಗಿತ್ತು. ಮೊದಲ ಮತ್ತು ಎರಡನೆಯ ದರ್ಜೆಯವರ ತಪಾಸಣೆ ಹಡಗಿನಲ್ಲಿಯೇ ಮುಗಿಯುತ್ತಿತ್ತು, ದ್ವೀಪಕ್ಕೆ ಹೋಗಬೇಕಾದವರು ಬಹುಪಾಲು ಅಗ್ಗದ ಟಿಕೆಟ್ಟಿನವರು. ಮೆಟ್ಟಿಲು ಹತ್ತುವಾಗಲೇ ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಎಂದು ವೈದ್ಯರು ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ: ಹೃದಯಕ್ಕೆ ಒಂದು, ಕಣ್ಣಿಗೆ ಒಂದು, ಬುದ್ಧಿ ಸರಿಯಿಲ್ಲವೆಂದು ತೋರಿದರೆ ಇನ್ನೊಂದು. ಕಣ್ಣುರೋಗ ಪತ್ತೆ ಮಾಡಲು ಬೂಟಿನ ಗುಂಡಿ ಸಿಕ್ಕಿಸುವ ಕೊಕ್ಕೆಯಿಂದ ರೆಪ್ಪೆಯನ್ನು ಹೊರಮಗುಚುತ್ತಿದ್ದರು. ವಾಪಸ್ ಹೋಗಬೇಕಾದವರು ನೂರಕ್ಕೆ ಇಬ್ಬರಷ್ಟೇ. ಆದರೆ ಒಂದೇ ಮನೆಯ ಐವರು ಬಂದು ಅವರಲ್ಲಿ ಒಬ್ಬಳು ಮಾತ್ರ ಆ ಇಬ್ಬರ ಲೆಕ್ಕಕ್ಕೆ ಸೇರಿದರೆ ಆ ಮನೆಯ ಪಾಲಿಗೆ ಶೇಕಡಾವಾರಿನಿಂದ ಏನು ಸಮಾಧಾನ?

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತೇವೆ. ಈ ಜಾತಿಯ ಸಿನಿಮಾಗಳನ್ನು ನೋಡುವಾಗ ನಾನು ಹುಡುಕುವುದು ಆ ಸುಂಕವನ್ನೇ: ಒಳಗೆ ಬಿಡುವುದಕ್ಕೆ ಆ ದೇಶ ಇವನಿಂದ ಏನನ್ನು ತೆಗೆದುಕೊಂಡಿತು? ಉಕ್ಕುವ ಕಡಲು, ಮರುಭೂಮಿ, ಮುಳ್ಳುತಂತಿ ಇವೆಲ್ಲ ಕ್ಯಾಮೆರಾಗೆ ಸುಲಭದ ತುತ್ತು. ಸಂಗೀತ ಜೋರಾಗಿ, ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಂಜಿನಿಂದ ಮೇಲೆದ್ದು ಬರುವ ಹೊತ್ತಿಗೆ ಪ್ರೇಕ್ಷಕನ ಕಣ್ಣು ಒದ್ದೆಯಾಗುತ್ತದೆ, ಕಳಪೆ ಸಿನಿಮಾ ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತದೆ. ಒಳ್ಳೆಯ ಸಿನಿಮಾ ದಡ ಮುಟ್ಟಿದ ಮೇಲೆ ಪಾವತಿಯಾದದ್ದರ ಲೆಕ್ಕ ಇಡುತ್ತದೆ. ಕೂದಲು, ಭಾಷೆ, ಕಸುಬು, ಗೆಳೆಯ, ಕೆಲವೊಮ್ಮೆ ನಾಚಿಕೆಯೆಂಬುದೇ ಆ ಪಾವತಿ. ಈ ಒಂದು ಅಳತೆಗೋಲು ಹಿಡಿದುಕೊಂಡರೆ ಯಾವುದನ್ನು ನಂಬಬೇಕೆಂಬುದು ನಿಮಗೇ ಗೊತ್ತಾಗುತ್ತಾ ಹೋಗುತ್ತದೆ.

ಎಲ್ಲಿಸ್ ದ್ವೀಪದ ತಪಾಸಣೆಯನ್ನು ಚೆನ್ನಾಗಿ ತೋರಿಸಿರುವುದು ಇಟಲಿಯ ಎಮಾನುಯೆಲೆ ಕ್ರಿಯಾಲೇಸೆಯ ‘ನುವೊಮೊಂದೊ’ (2006). ಸಿಸಿಲಿಯ ಬಡ ರೈತ ಸಾಲ್ವತೊರೆಗೆ ಅಮೆರಿಕವೆಂದರೆ ಕೈಗೆ ಬಂದ ಕೆಲವು ಚಿತ್ರಗಳು: ಆಳೆತ್ತರದ ಕೋಳಿ, ನಾಣ್ಯ ಬಿಡುವ ಮರ. ಅದನ್ನು ಅಕ್ಷರಶಃ ನಂಬಿ ತಾಯಿ, ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾನೆ. ಹಡಗು ಬಿಡುವ ಗಳಿಗೆಯ ಒಂದು ಚಿತ್ರಿಕೆ ನೋಡಿ. ಕ್ಯಾಮೆರಾ ನೇರ ಮೇಲಿನಿಂದ ನೋಡುತ್ತಿದೆ, ಚೌಕಟ್ಟಿನ ತುಂಬ ಒಂದೇ ಜನಸಾಗರ. ಸದ್ದಿಲ್ಲದೆ ನಡುವೆ ಒಂದು ಗೆರೆ ಬಿರುಕು ಬಿಡುತ್ತದೆ, ಆ ಬಿರುಕು ನೀರಾಗುತ್ತದೆ, ಆಗ ತಿಳಿಯುತ್ತದೆ ಅರ್ಧ ಜನ ಹಡಗಿನಲ್ಲಿದ್ದರು, ಅರ್ಧ ಜನ ದಡದಲ್ಲಿ. ವಲಸೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರೂ ಇಷ್ಟು ಹೇಳಲಾಗದು. ದ್ವೀಪದಲ್ಲಿ ಇವರ ಬುದ್ಧಿಯನ್ನು ಮರದ ತುಂಡುಗಳ ಒಗಟು ಕೊಟ್ಟು ಅಳೆಯುತ್ತಾರೆ. ನಿಜವಾಗಿಯೂ ಅಂಥ ಪರೀಕ್ಷೆಗಳಿದ್ದವು. ಊರಿನಲ್ಲಿ ದೆವ್ವ ಬಿಡಿಸುತ್ತಿದ್ದ, ಎಲ್ಲರೂ ಹೆದರುತ್ತಿದ್ದ ಅಜ್ಜಿ ಇಲ್ಲಿ ಮಂದಬುದ್ಧಿಯವಳೆಂದು ದಾಖಲಾಗುತ್ತಾಳೆ. ಒಂಟಿ ಹೆಂಗಸನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅಲ್ಲಿಯೇ ಗಂಡು ಗೊತ್ತುಮಾಡಿ ಮದುವೆ ಮಾಡುವ ಏರ್ಪಾಡೂ ಇದೆ. ನೋಡುವಾಗ ದನದ ಜಾತ್ರೆಯ ನೆನಪಾದರೆ ಅದು ನಿಮ್ಮ ತಪ್ಪಲ್ಲ. ಇಷ್ಟೆಲ್ಲ ಆಗಿಯೂ ನ್ಯೂಯಾರ್ಕ್ ನಗರ ಒಮ್ಮೆಯೂ ಕಾಣುವುದಿಲ್ಲ. ಕಿಟಕಿಯಾಚೆ ಬರೀ ಮಂಜು. ನಿರ್ದೇಶಕ ಪ್ರತಿಮೆಯನ್ನು ತೋರಿಸದೆ ಉಳಿಸಿಕೊಂಡ ಈ ಸಂಯಮಕ್ಕೇ ನಾನು ಅರ್ಧ ಅಂಕ ಕೊಡುತ್ತೇನೆ.

ಪ್ರತಿಮೆಯನ್ನು ತೋರಿಸಿಯೂ ಅದರ ಮುಖವಾಡ ಕಳಚಿದವನು ಚಾಪ್ಲಿನ್. 1917ರ ‘ದಿ ಇಮಿಗ್ರೆಂಟ್’ ಅರ್ಧ ಗಂಟೆಯೂ ಇಲ್ಲ. ಹಡಗಿನಲ್ಲಿರುವ ಬಡವರೆಲ್ಲ ಪ್ರತಿಮೆಯನ್ನು ಕಣ್ತುಂಬಿಕೊಂಡು ನಿಂತಿರುವಾಗಲೇ ಅಧಿಕಾರಿಗಳು ಬಂದು ದನಗಳನ್ನು ಕೂಡುವಂತೆ ಹಗ್ಗ ಅಡ್ಡ ಹಿಡಿದು ಅವರನ್ನು ಹಿಂದೆ ತಳ್ಳುತ್ತಾರೆ. ಚಾರ್ಲಿ ಇನ್ನೊಮ್ಮೆ ತಿರುಗಿ ಪ್ರತಿಮೆಯನ್ನು ನೋಡುತ್ತಾನೆ. ಅಷ್ಟೇ. ಒಂದು ಮಾತಿಲ್ಲ. ಇದೇ 1917ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು ಹೊಸ ವಲಸೆ ಕಾನೂನು ಮಾಡಿ, ಓದು ಬಾರದವರನ್ನು ತಡೆಯಿತು, ಏಷ್ಯಾದ ಬಹುಭಾಗದಿಂದ ಯಾರೂ ಬರಕೂಡದೆಂದು ಗೆರೆ ಎಳೆಯಿತು. ಆ ಗೆರೆಯ ಒಳಗೆ ಭಾರತವೂ ಇತ್ತು. 1946ರಲ್ಲಿ ವರ್ಷಕ್ಕೆ ನೂರು ಜನ ಭಾರತೀಯರಿಗೆ ಅವಕಾಶವಾಯಿತು. ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾನೂನಿನಿಂದ. ಆ ಹಳೆಯ ಸಿನಿಮಾಗಳಲ್ಲಿ ನಮ್ಮವರ ಮುಖ ಕಾಣದಿರಲು ಇದು ದೊಡ್ಡ ಕಾರಣ.

ಚಾಪ್ಲಿನ್ನನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1952ರ ಸೆಪ್ಟೆಂಬರಿನಲ್ಲಿ ತನ್ನ ಹೊಸ ಚಿತ್ರದ ಪ್ರದರ್ಶನಕ್ಕೆಂದು ಹಡಗಿನಲ್ಲಿ ಲಂಡನ್ನಿಗೆ ಹೊರಟಾಗ, ಎಡಪಂಥೀಯನೆಂಬ ಗುಮಾನಿಯ ಮೇಲೆ ಅವನು ಮರಳಿ ಬರುವ ಪರವಾನಗಿಯನ್ನೇ ಅಮೆರಿಕ ರದ್ದು ಮಾಡಿತು. ನಲವತ್ತು ವರ್ಷ ಅಲ್ಲಿ ದುಡಿದವನು ಸ್ವಿಟ್ಜರ್ಲೆಂಡಿನಲ್ಲಿ ಮನೆ ಮಾಡಿದ; ಮತ್ತೆ ಕಾಲಿಟ್ಟದ್ದು 1972ರಲ್ಲಿ, ಗೌರವ ಆಸ್ಕರ್ ತೆಗೆದುಕೊಳ್ಳಲು. ಅದೇ 1952ರ ಏಪ್ರಿಲಿನಲ್ಲಿ ಇನ್ನೊಬ್ಬ ವಲಸಿಗ ನಿರ್ದೇಶಕ, ಇಸ್ತಾಂಬುಲ್‌ನಲ್ಲಿ ಹುಟ್ಟಿ ನಾಲ್ಕರ ಹರೆಯದಲ್ಲಿ ನ್ಯೂಯಾರ್ಕಿಗೆ ಬಂದ ಗ್ರೀಕ್ ಮನೆತನದ ಇಲಿಯಾ ಕಜಾನ್, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಮುಂದೆ ಕುಳಿತು ತನ್ನ ಹಳೆಯ ಕಮ್ಯುನಿಸ್ಟ್ ಒಡನಾಡಿಗಳ ಹೆಸರುಗಳನ್ನು ಹೇಳಿದ. ಒಬ್ಬನಿಗೆ ಬಾಗಿಲು ಮುಚ್ಚಿತು, ಇನ್ನೊಬ್ಬ ಬಾಗಿಲು ಮುಚ್ಚದಿರಲೆಂದು ಬೆಲೆ ತೆತ್ತ. ಆ ಕಜಾನ್ 1963ರಲ್ಲಿ ತನ್ನ ಚಿಕ್ಕಪ್ಪನ ಪ್ರಯಾಣವನ್ನೇ ಕಥೆ ಮಾಡಿ ‘ಅಮೆರಿಕ ಅಮೆರಿಕ’ ತೆಗೆದ. ಹೌದು, ನಮ್ಮ ಕನ್ನಡ ಚಿತ್ರಕ್ಕೂ ಅದೇ ಹೆಸರು, ಅದಕ್ಕೆ ಆಮೇಲೆ ಬರುತ್ತೇನೆ.

ಕಜಾನನ ನಾಯಕ ಸ್ತಾವ್ರೋಸ್, ತುರ್ಕರ ಆಳ್ವಿಕೆಯ ಅನಟೋಲಿಯದ ಹುಡುಗ. ಮನೆಯವರು ಇದ್ದಬದ್ದದ್ದನ್ನೆಲ್ಲ ಗಂಟುಕಟ್ಟಿ ಕೊಟ್ಟು ಕಳಿಸುತ್ತಾರೆ, ದಾರಿಯಲ್ಲೇ ಎಲ್ಲ ಕಳೆದುಕೊಳ್ಳುತ್ತಾನೆ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ (ಇಂದಿನ ಇಸ್ತಾಂಬುಲ್) ಹಮಾಲಿಯಾಗಿ ಮೂಟೆ ಹೊರುತ್ತಾನೆ. ಹಡಗಿನ ಟಿಕೆಟ್ಟಿನ ದುಡ್ಡಿಗಾಗಿ ಶ್ರೀಮಂತ ವ್ಯಾಪಾರಿಯ ಮಗಳನ್ನು ಮದುವೆಯಾಗುವ ನಾಟಕವಾಡುತ್ತಾನೆ. ಆ ಹುಡುಗಿ ಒಳ್ಳೆಯವಳು, ಅದೇ ನೋಡಲು ಸಂಕಟ. ಕೊನೆಗೆ ಹಡಗಿನಲ್ಲಿ ಕ್ಷಯರೋಗಿಯಾದ ಅರ್ಮೇನಿಯನ್ ಗೆಳೆಯ ತನ್ನನ್ನು ಹೇಗೂ ವಾಪಸ್ ಕಳಿಸುತ್ತಾರೆಂದು ತಿಳಿದು ನೀರಿಗೆ ಹಾರುತ್ತಾನೆ. ಸ್ತಾವ್ರೋಸ್ ಆ ಸತ್ತವನ ಹೆಸರಿನಲ್ಲಿ ಅಮೆರಿಕದೊಳಗೆ ನಡೆದುಹೋಗುತ್ತಾನೆ, ಬೂಟು ಪಾಲಿಶ್ ಮಾಡುವ ಕೆಲಸಕ್ಕೆ. ಸುಮಾರು ಮೂರು ಗಂಟೆಯ ಚಿತ್ರ, ನಡುವೆ ಎಳೆದಾಡುತ್ತದೆ, ನಾಯಕನ ನಟನೆಯೂ ಎಲ್ಲ ಕಡೆ ಒಂದೇ ತೂಕದ್ದಲ್ಲ. ಆದರೂ ತನ್ನ ಮನೆಯವನನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಚಿತ್ರ ಅಪರೂಪ. 1952ರ ಸಾಕ್ಷ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಇನ್ನೂ ಕಹಿ.

ಸ್ವೀಡನ್ನಿನ ಯಾನ್ ಟ್ರೊಯೆಲ್‌ನ ಜೋಡಿ ಚಿತ್ರಗಳು, ‘ದಿ ಎಮಿಗ್ರೆಂಟ್ಸ್’ (1971) ಮತ್ತು ‘ದಿ ನ್ಯೂ ಲ್ಯಾಂಡ್’ (1972), ಹತ್ತೊಂಬತ್ತನೆಯ ಶತಮಾನದ ನಡುವೆ ಸ್ಮೋಲ್ಯಾಂಡಿನ ಕಲ್ಲುಭೂಮಿ ಬಿಟ್ಟು ಮಿನೆಸೋಟಕ್ಕೆ ಹೋದ ರೈತ ಕುಟುಂಬದವು. ಎರಡೂ ಸೇರಿ ಆರು ಗಂಟೆ ದಾಟುತ್ತವೆ. ಒಂದು ಸಂಗತಿಗಾಗಿಯಾದರೂ ಎರಡನೆಯದನ್ನು ನೋಡಬೇಕು. ಇವರು ಬಿತ್ತಿ ಬೆಳೆಯುವ ಆ ಫಲವತ್ತಾದ ನೆಲ ಬರಿದಾಗಿ ಬಿದ್ದಿರಲಿಲ್ಲ, ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರದ್ದಾಗಿತ್ತು. 1862ರಲ್ಲಿ ಹಸಿದ ಡಕೋಟರು ತಿರುಗಿಬಿದ್ದರು. ಆ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಜನರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಟ್ರೊಯೆಲ್ ಅದನ್ನು ತನ್ನ ನಾಯಕನ ಕಣ್ಣೀರಿನ ಕಥೆಯ ನಡುವೆಯೇ ತಂದು ನಿಲ್ಲಿಸುತ್ತಾನೆ. ವಲಸೆ ಬಂದವನ ಕಷ್ಟ ಇನ್ನೊಬ್ಬನ ನೆಲೆ ತಪ್ಪಿಸಿದ್ದರ ಮೇಲೆ ಕುಳಿತಿದೆ ಎಂದು ಒಪ್ಪಿಕೊಳ್ಳುವ ಸಿನಿಮಾಗಳು ಬೆರಳೆಣಿಕೆಯವು.

ಈಗ ನನಗೆ ಬಹಳ ಪ್ರಿಯವಾದ ಎರಡು.

ಮೊದಲನೆಯದು ಜೋನ್ ಮಿಕ್ಲಿನ್ ಸಿಲ್ವರ್ ಎಂಬ ನಿರ್ದೇಶಕಿಯ ‘ಹೆಸ್ಟರ್ ಸ್ಟ್ರೀಟ್’ (1975). ನ್ಯೂಯಾರ್ಕಿನ ಯಹೂದಿ ಕೇರಿ, 1896ನೇ ಇಸವಿ, ಕಪ್ಪು ಬಿಳುಪು, ಮಾತು ಬಹುಪಾಲು ಯಿಡ್ಡಿಷ್. ಹೆಂಗಸು ತೆಗೆದ, ಅರ್ಥವಾಗದ ಭಾಷೆಯ ಚಿತ್ರ ಯಾರಿಗೆ ಬೇಕೆಂದು ದೊಡ್ಡ ಕಂಪನಿಗಳು ಕೈ ಚೆಲ್ಲಿದಾಗ ಆಕೆಯ ಗಂಡನೇ ಹಂಚಿಕೆಗೆ ನಿಂತರು. ನಾಯಕಿ ಕ್ಯಾರಲ್ ಕೇನ್ ಆಸ್ಕರ್ ನಾಮನಿರ್ದೇಶನದವರೆಗೂ ಹೋದಳು. ಕಥೆ ನಮ್ಮ ಯಾವ ಊರಿನಲ್ಲಾದರೂ ನಡೆಯಬಹುದು. ಮುಂಚೆ ಹೋದ ಗಂಡ ಯೆಕ್ಲ್ ಅಲ್ಲಿ ಜೇಕ್ ಆಗಿದ್ದಾನೆ, ಗಡ್ಡ ಬೋಳಿಸಿದ್ದಾನೆ, ಇನ್ನೊಬ್ಬಳ ಜೊತೆ ಕುಣಿಯುತ್ತಾನೆ. ಹೆಂಡತಿ ಗಿಟ್ಲ್ ಪುಟ್ಟ ಮಗನೊಡನೆ ಬಂದಿಳಿಯುತ್ತಾಳೆ. ಮದುವೆಯಾದ ಹೆಂಗಸು ಸ್ವಂತ ಕೂದಲು ತೋರಿಸಬಾರದೆಂಬುದು ಅವಳ ಆಚಾರ, ಹಾಗಾಗಿ ತಲೆಯ ಮೇಲೆ ವಿಗ್. ಗಂಡನಿಗೆ ಅದನ್ನು ನೋಡಿದರೇ ಮೈಯುರಿ. ಮಗನ ಕೆನ್ನೆಗೂದಲಿಗೆ ಕತ್ತರಿ ಹಾಕಿ, ಯೊಸ್ಸೆಲೆಯನ್ನು ಜೋಯಿ ಎಂದು ಕರೆಯತೊಡಗುತ್ತಾನೆ. ಇಲ್ಲಿ ಪಹರೆಯಿಲ್ಲ, ಅಧಿಕಾರಿಯಿಲ್ಲ. ಸುಂಕ ವಸೂಲಿಗೆ ನಿಂತವನು ಕಟ್ಟಿಕೊಂಡ ಗಂಡ.

ವಿಚ್ಛೇದನದ ದೃಶ್ಯವನ್ನು ಎರಡು ಸಲ ನೋಡಿ. ವಕೀಲ ಮೇಜಿನಾಚೆ ಕುಳಿತು ಪರಿಹಾರದ ಹಣ ಹೇಳುತ್ತಾನೆ. ಗಿಟ್ಲ್ ಸುಮ್ಮನೆ ಕುಳಿತಿರುತ್ತಾಳೆ. ಅವಳಿಗೆ ಇಂಗ್ಲಿಷೂ ಬಾರದು, ಚೌಕಾಶಿಯೂ ಗೊತ್ತಿಲ್ಲವೆಂದು ವಕೀಲನ ಎಣಿಕೆ. ಆ ಮೌನ ತಡೆಯಲಾರದೆ ಅವನೇ ಮೊತ್ತ ಏರಿಸುತ್ತಾನೆ. ಮತ್ತೆ ಮೌನ, ಮತ್ತೆ ಏರಿಕೆ. ಪಾಪದವಳೆಂದು ನಾವೂ ಅಷ್ಟು ಹೊತ್ತು ಮರುಗಿದ್ದೆವಲ್ಲ, ನಮ್ಮ ಮುಖಕ್ಕೂ ಒಂದು ಪೆಟ್ಟು. ಕೊನೆಗೆ ಅವಳು ಒಂದು ಅಂಗಡಿಯ ಯೋಚನೆ ಮಾಡುತ್ತಾ ಬೀದಿಯಲ್ಲಿ ಹೋಗುತ್ತಾಳೆ; ಜೇಕ್ ತನ್ನ ಹೊಸ ಹೆಂಡತಿಯ ಉಳಿತಾಯವೆಲ್ಲ ವಿಚ್ಛೇದನಕ್ಕೆ ಕರಗಿಹೋಗಿ ಟ್ರಾಮ್ ಹತ್ತಲೂ ಹಿಂದೆಮುಂದೆ ನೋಡುತ್ತಾನೆ. ಹೆಂಗಸರು ಈ ದೇಶಕ್ಕೆ ಗಂಡಸರಿಗಿಂತ ಬೇರೆ ರೀತಿಯಲ್ಲಿ ಒಗ್ಗುತ್ತಾರೆ ಎಂಬುದನ್ನು ಇಷ್ಟು ನಗುನಗುತ್ತಾ ಹೇಳಿದ ಚಿತ್ರವನ್ನು ನಾನು ಬೇರೆ ನೋಡಿಲ್ಲ.

ಎರಡನೆಯದು ಗ್ರೆಗೊರಿ ನಾವಾನ ‘ಎಲ್ ನೋರ್ತೆ’ (1983). ನೀವು ಕೋಳ ತೊಟ್ಟವರ ಸುದ್ದಿ ಕೇಳಿದಿರಲ್ಲ, ಅದಕ್ಕೆ ಹತ್ತಿರದ್ದು ಇದೇ. ಗ್ವಾಟೆಮಾಲದ ಬೆಟ್ಟದೂರಿನ ಮಾಯಾ ಬುಡಕಟ್ಟಿನ ಅಣ್ಣ ತಂಗಿ, ಎನ್ರಿಕೆ ಮತ್ತು ರೋಸಾ. ತಂದೆ ಕಾಫಿ ತೋಟದ ಕೂಲಿ. ಜಮೀನ್ದಾರರ ಪಾಲಿಗೆ ನಾವೆಂದರೆ ಒಂದು ಜೊತೆ ತೋಳು ಅಷ್ಟೇ ಎಂದು ಮಗನಿಗೆ ಹೇಳುತ್ತಾನೆ. ಕೂಲಿಕಾರರ ಗುಟ್ಟಿನ ಸಭೆಗೆ ಹೋದದ್ದಕ್ಕೆ ಸೈನಿಕರು ಅವನನ್ನು ಕೊಲ್ಲುತ್ತಾರೆ, ತಾಯಿಯನ್ನು ಎತ್ತಿಕೊಂಡು ಹೋಗುತ್ತಾರೆ. ಉಳಿದಿಬ್ಬರಿಗೆ ಉತ್ತರ ದಿಕ್ಕೊಂದೇ ದಾರಿ. ಅಮೆರಿಕದ ಬಗ್ಗೆ ಅವರಿಗೆ ಗೊತ್ತಿರುವುದು ಊರಿನ ಹಿರಿಯಳೊಬ್ಬಳು ಹಳೆಯ ಗೃಹಿಣಿ ಪತ್ರಿಕೆಗಳನ್ನು ನೋಡಿ ಹೇಳುವ ಕಥೆ: ಅಲ್ಲಿ ಎಲ್ಲ ಮನೆಯಲ್ಲೂ ವಿದ್ಯುತ್ತು, ಎಲ್ಲ ಮನೆಯಲ್ಲೂ ಫ್ಲಶ್ ಇರುವ ಪಾಯಿಖಾನೆ. ಮೆಕ್ಸಿಕೊದವರಂತೆ ಕಾಣಬೇಕೆಂದರೆ ಮಾತಿಗೊಂದು ಬೈಗುಳ ಸೇರಿಸು ಎಂದು ಊರಿನವನೊಬ್ಬ ಕಲಿಸಿರುತ್ತಾನೆ. ಅದೇ ಅವರನ್ನು ಒಮ್ಮೆ ಪಾರು ಮಾಡುತ್ತದೆ.

ಗಡಿ ದಾಟುವುದು ಪಾಳುಬಿದ್ದ ಚರಂಡಿ ಕೊಳವೆಯೊಳಗೆ, ಮೊಣಕಾಲೂರಿ ತೆವಳುತ್ತಾ. ಇಲಿಗಳ ಹಿಂಡು ಮೈಮೇಲೆ ಬೀಳುತ್ತದೆ. ಆ ಇಲಿಗಳು ನಿಜವಾದವೇ, ಕಣ್ಕಟ್ಟಲ್ಲ. ಆದರೆ ಚಿತ್ರದ ಬುದ್ಧಿವಂತಿಕೆ ಇರುವುದು ಆ ಭಯಾನಕ ದೃಶ್ಯದಲ್ಲಲ್ಲ, ಅದನ್ನು ಮರೆಯಲು ಬಿಡುವುದರಲ್ಲಿ. ಲಾಸ್ ಏಂಜಲೀಸ್ ಬಂದಿತು, ಬಿಡಾರವಾಯಿತು, ಕೂಲಿಯಾಳುಗಳನ್ನು ಒದಗಿಸುವ ದಲ್ಲಾಳಿ ಸಿಕ್ಕಿದ, ರೋಸಾ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು, ವಲಸೆ ಪೊಲೀಸರು ನುಗ್ಗಿದಾಗ ಓಡಿದಳು, ದೊಡ್ಡ ಮನೆಯಲ್ಲಿ ಮನೆಗೆಲಸಕ್ಕೆ ನಿಂತಳು. ಅಲ್ಲಿನ ಬಟ್ಟೆ ಒಗೆಯುವ ಯಂತ್ರದ ಹತ್ತಾರು ಗುಂಡಿಗಳನ್ನು ಯಜಮಾನಿ ಇಂಗ್ಲಿಷಿನಲ್ಲಿ ಪಟಪಟನೆ ವಿವರಿಸಿ ಹೋಗುತ್ತಾಳೆ. ಸಂಜೆ ಬಂದು ನೋಡಿದರೆ ರೋಸಾ ಎಲ್ಲ ಬಟ್ಟೆಯನ್ನೂ ಕೈಯಲ್ಲಿ ಉಜ್ಜಿ ಒಗೆದು ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಹರವಿದ್ದಾಳೆ. ಸಿನಿಮಾಮಂದಿರದಲ್ಲಿ ನಗು ಬರುವ ಜಾಗ ಅದು, ನಗಬೇಕಾದದ್ದೇ. ಎನ್ರಿಕೆ ಹೋಟೆಲ್ಲಿನಲ್ಲಿ ತಟ್ಟೆ ಎತ್ತುವವನಾಗಿ ಸೇರಿ ಮೇಲೇರುತ್ತಿರುವಾಗ ಅವನ ಮೇಲೆ ದೂರು ಕೊಡುವವನು ಬಿಳಿಯನಲ್ಲ, ಮೆಕ್ಸಿಕೊ ಮೂಲದವನೇ, ಹೊಟ್ಟೆಕಿಚ್ಚಿಗೆ. ಮುಂದೆ ಷಿಕಾಗೊದಲ್ಲಿ ಒಳ್ಳೆಯ ಕೆಲಸವೂ ಗ್ರೀನ್ ಕಾರ್ಡಿನ ಆಸೆಯೂ ಒಟ್ಟಿಗೆ ಬಂದ ದಿನವೇ ರೋಸಾಗೆ ಜ್ವರ. ಟೈಫಸ್. ಆ ಕೊಳವೆಯ ಇಲಿಗಳಿಂದ ಬಂದದ್ದು. ದಾಟಿ ಆಯಿತೆಂದು ನಾವೆಲ್ಲ ಮರೆತಿದ್ದ ಗಡಿ ಅವಳ ರಕ್ತದೊಳಗೆ ಕುಳಿತಿತ್ತು. ಕೊನೆಯಲ್ಲಿ ಎನ್ರಿಕೆ ಕೂಲಿಗಾಗಿ ಕಾದಿರುವ ಗುಂಪಿನಲ್ಲಿ ನಿಂತು ನನಗೆ ಗಟ್ಟಿ ತೋಳುಗಳಿವೆ, ನನ್ನನ್ನು ಕರೆದುಕೊಳ್ಳಿ ಎಂದು ಕೂಗುತ್ತಾನೆ. ತಂದೆಯ ಮಾತು ಹೇಗೆ ತಿರುಗಿ ಬಂತು ನೋಡಿ.

ಇದರಲ್ಲಿ ಒಂದು ಆಕ್ಷೇಪಣೆಗೆ ಜಾಗವಿದೆ: ಹಳ್ಳಿಯ ಭಾಗವನ್ನು ಹೂವು, ಮೊಂಬತ್ತಿ, ಕನಸುಗಳಿಂದ ಅತಿಯಾಗಿ ಅಲಂಕರಿಸಿದ್ದಾನೆ. ಮನೆ ಬಿಟ್ಟವನಿಗೆ ಮನೆ ಹಾಗೆ ಕಾಣುತ್ತದೆ ಎಂದು ಸಮರ್ಥಿಸಬಹುದು. ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ‘ಫ್ರೋಜನ್ ರಿವರ್’ (2008) ದಾಟಿಸುವವರ ಕಡೆಯಿಂದ ಹೇಳಿದ ಕಥೆ: ಕೆನಡಾ ಗಡಿಯ ಹೆಪ್ಪುಗಟ್ಟಿದ ನದಿಯ ಮೇಲೆ ಕಾರು ಓಡಿಸಿ ಜನರನ್ನು ಕದ್ದು ಸಾಗಿಸುವ ಇಬ್ಬರು ಬಡ ತಾಯಂದಿರು. ಪಾಕಿಸ್ತಾನಿ ದಂಪತಿಯ ಚೀಲದಲ್ಲಿ ಬಾಂಬ್ ಇದ್ದೀತೆಂದು ಹೆದರಿ ಅದನ್ನು ಮಂಜುಗಡ್ಡೆಯ ಮೇಲೆ ಎಸೆದು ಬರುತ್ತಾರೆ. ಆಮೇಲೆ ತಿಳಿಯುತ್ತದೆ ಅದರಲ್ಲಿದ್ದದ್ದು ಕೂಸು. ಕಥೆಗಾಗಿ ಹೆಣೆದದ್ದು ಎನ್ನುವವರು 2022ರ ಜನವರಿಯಲ್ಲಿ ಅದೇ ಗಡಿಯ ಇನ್ನೊಂದು ಭಾಗದಲ್ಲಿ ಗುಜರಾತಿನ ಒಂದೇ ಮನೆಯ ನಾಲ್ವರು, ಇಬ್ಬರು ಮಕ್ಕಳೂ ಸೇರಿ, ಹಿಮದಲ್ಲಿ ಮರಗಟ್ಟಿ ಸತ್ತದ್ದನ್ನು ನೆನೆಯಬೇಕು. ‘ಹೌಸ್ ಆಫ್ ಸ್ಯಾಂಡ್ ಅಂಡ್ ಫಾಗ್’ (2003) ಚಿತ್ರದಲ್ಲಿ ಬೆನ್ ಕಿಂಗ್ಸ್‌ಲೆ ಇರಾನಿನಲ್ಲಿ ಕರ್ನಲ್ ಆಗಿದ್ದವನ ಪಾತ್ರ ಮಾಡಿದ್ದಾನೆ. ಹಗಲು ರಸ್ತೆ ಕೆಲಸದಲ್ಲಿ ಸಲಿಕೆ ಹಿಡಿಯುತ್ತಾನೆ, ಸಂಜೆ ದೊಡ್ಡ ಹೋಟೆಲ್ಲಿನ ಶೌಚಾಲಯಕ್ಕೆ ನುಗ್ಗಿ ಕೈಮುಖ ತೊಳೆದು ಸೂಟು ತೊಟ್ಟು ಮನೆಗೆ ಹೋಗುತ್ತಾನೆ, ನೆಂಟರಿಷ್ಟರಿಗೆ ತಿಳಿಯಬಾರದೆಂದು. ಚಿತ್ರದ ಎರಡನೆಯ ಅರ್ಧ ಅತಿನಾಟಕಕ್ಕೆ ಜಾರುತ್ತದೆ, ಆದರೆ ಆ ಸೂಟು ಬದಲಿಸುವ ಎರಡು ನಿಮಿಷ ಸಾಕು. ಕೊರಿಯನ್ ಕುಟುಂಬದ ‘ಮಿನಾರಿ’ (2020) ಅರ್ಕಾನ್ಸಾಸ್‌ನ ಹೊಲದಲ್ಲಿ ನಡೆಯುತ್ತದೆ. ಗಂಡಹೆಂಡಿರಿಬ್ಬರೂ ಕೋಳಿಮರಿಗಳ ಹಿಂಭಾಗ ನೋಡಿ ಹೆಣ್ಣು ಗಂಡು ಬೇರ್ಪಡಿಸುವ ಕೆಲಸದವರು. ಹೊರಗೆ ಚಿಮಣಿಯಿಂದ ಹೊಗೆ ಏಳುವುದನ್ನು ನೋಡಿ ಅದೇನೆಂದು ಪುಟ್ಟ ಮಗ ಕೇಳುತ್ತಾನೆ. ಗಂಡುಮರಿಗಳನ್ನು ಅಲ್ಲಿ ಸುಡುತ್ತಾರೆ, ಅವು ಮೊಟ್ಟೆಯಿಡುವುದಿಲ್ಲ, ರುಚಿಯೂ ಇಲ್ಲ, ಅದಕ್ಕೇ ನಾವಿಬ್ಬರೂ ಉಪಯೋಗಕ್ಕೆ ಬರುವವರಾಗಬೇಕು ಎನ್ನುತ್ತಾನೆ ಅಪ್ಪ. ಎಷ್ಟು ಮಕ್ಕಳು ಈ ಮಾತನ್ನು ಎಷ್ಟು ಭಾಷೆಗಳಲ್ಲಿ ಕೇಳಿಸಿಕೊಂಡಿರಬಹುದು!

ನಮ್ಮವರ ವಿಷಯ. ಮೀರಾ ನಾಯರ್ ಅವರ ‘ದಿ ನೇಮ್‌ಸೇಕ್’ (2006) ಬಂಗಾಳಿಗಳ ಕಥೆಯಾದರೂ ಮೈಸೂರು, ತುಮಕೂರಿನ ಮನೆಗಳಿಗೂ ಹೊಂದುತ್ತದೆ. ಕೋಲ್ಕತ್ತದಿಂದ ಮದುವೆಯಾಗಿ ಬಂದ ಆಶಿಮಾ (ತಬು) ಚಳಿಯ ನ್ಯೂಯಾರ್ಕಿನ ಪುಟ್ಟ ಮನೆಯಲ್ಲಿ ಒಬ್ಬಳೇ. ಡಬ್ಬದಲ್ಲಿ ಬರುವ ಹುರಿದ ಅಕ್ಕಿಯ ತಿಂಡಿಗೆ ಕಡಲೆಕಾಯಿ, ಖಾರದಪುಡಿ ಬೆರೆಸಿ ತಿನ್ನುತ್ತಾಳೆ. ನಮ್ಮಲ್ಲಾದರೆ ಅದಕ್ಕೆ ಚುರುಮುರಿ ಎನ್ನುತ್ತಿದ್ದೆವು. ಗಂಡನ ಉಣ್ಣೆ ಸ್ವೆಟರುಗಳನ್ನು ಯಂತ್ರಕ್ಕೆ ಹಾಕಿ ಅವು ಕುಗ್ಗಿಹೋದಾಗ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತಾಳೆ, ಗಂಡ (ಇರ್ಫಾನ್ ಖಾನ್) ಹೊರ ನಿಂತು ಸಮಾಧಾನ ಮಾಡುತ್ತಾನೆ. ಸ್ವೆಟರಿಗಾಗಿ ಯಾರೂ ಹಾಗೆ ಅಳುವುದಿಲ್ಲವಲ್ಲ. ಇಲ್ಲಿ ಪಾವತಿ ಕಂತುಕಂತಾಗಿ ನಡೆಯುತ್ತದೆ: ಊರಿನಲ್ಲಿ ಅಪ್ಪ ಸತ್ತ ಸುದ್ದಿ ಫೋನಿನಲ್ಲಿ, ಕೊನೆಗೆ ಗಂಡ ಬೇರೆ ಊರಿನಲ್ಲಿ ಸತ್ತ ಸುದ್ದಿಯೂ ಫೋನಿನಲ್ಲೇ. ನಿಮ್ಮ ಮಗ ಫೋನಿನಲ್ಲಿ ಏನನ್ನು ಹೇಳದೆ ಉಳಿಸಿಕೊಳ್ಳುತ್ತಾನೆ ಎಂಬುದು ನಿಮ್ಮ ಪ್ರಶ್ನೆಯೊಳಗಿನ ಪ್ರಶ್ನೆಯಾಗಿದ್ದರೆ, ಈ ಚಿತ್ರವೇ ನಿಮಗೆ ಹತ್ತಿರ.

ನಾಗತಿಹಳ್ಳಿ ಚಂದ್ರಶೇಖರ್ ಅವರ ತೊಂಬತ್ತರ ದಶಕದ ‘ಅಮೆರಿಕಾ ಅಮೆರಿಕಾ’ವನ್ನು ನೀವು ನೋಡಿಯೇ ಇರುತ್ತೀರಿ. ಮೂವರು ಬಾಲ್ಯದ ಒಡನಾಡಿಗಳು, ಅವರಲ್ಲೊಬ್ಬನನ್ನು ಎಳೆದುಕೊಳ್ಳುವ ಅಮೆರಿಕ, ಮನೋಮೂರ್ತಿಯವರ ಸಂಗೀತ. ಅದರಲ್ಲಿ ಬರುವ ಅಡಿಗರ ‘ಯಾವ ಮೋಹನ ಮುರಳಿ’ಯಂತೂ ವಿದೇಶದ ಕನ್ನಡ ಸಮ್ಮೇಳನಗಳ ಅಘೋಷಿತ ಗೀತೆಯಾಗಿಬಿಟ್ಟಿದೆ. ಆದರೆ ಆ ಚಿತ್ರದ ಚಿಂತೆ ಇಲ್ಲಿಯೋ ಅಲ್ಲಿಯೋ ಎಂಬ ಹೃದಯದ ತೊಳಲಾಟ. ಸಂಬಳ, ಕಾಗದಪತ್ರ, ವೀಸಾ ಇವು ಅದರ ವಿಷಯವಲ್ಲ. ಇಂದಿನ ಕನ್ನಡಿಗ ಇಂಜಿನಿಯರನ ಕಷ್ಟವೋ ಪೂರ್ತಿ ಕಾಗದದ್ದು. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾ ಅವನನ್ನು ಕೆಲಸ ಕೊಟ್ಟ ಕಂಪನಿಗೆ ಕಟ್ಟಿಹಾಕುತ್ತದೆ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಹೋಗುವಂತಿಲ್ಲವಾದ್ದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಕೆಲಸ ಹೋದರೆ ಅರವತ್ತು ದಿನದೊಳಗೆ ಇನ್ನೊಂದು ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೆಂಡತಿ ಎಷ್ಟೇ ಓದಿದ್ದರೂ ಅವಳ ಎಚ್-4 ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. 2015ರಿಂದ ಕೆಲವರಿಗಷ್ಟೇ ಅವಕಾಶ. ಅಲ್ಲಿಯೇ ಬೆಳೆದ ಮಗು ಇಪ್ಪತ್ತೊಂದು ತುಂಬಿದ ದಿನ ಅಪ್ಪನ ಸರದಿಯಿಂದ ಹೊರಬೀಳಬಹುದು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಕಾಯುವವನ ಕಥೆಯಲ್ಲಿ ಇಲಿಗಳಿಲ್ಲ, ಹಡಗಿಲ್ಲ, ಓಡುವವರಿಲ್ಲ; ಕ್ಯಾಮೆರಾಗೆ ಏನು ತೋರಿಸುವುದೆಂದು ತೋಚುವುದಿಲ್ಲ. ಆ ಕಷ್ಟಕ್ಕೆ ತಕ್ಕ ದೊಡ್ಡ ಸಿನಿಮಾ ಇನ್ನೂ ಬರಬೇಕಾಗಿದೆ. ಬರೆಯಬೇಕಾದವರು ಬಹುಶಃ ಸರದಿಯಲ್ಲೇ ನಿಂತಿದ್ದಾರೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದ್ದೀರಿ. ಚಾಪ್ಲಿನ್ನನದನ್ನು ಇವತ್ತೇ ನೋಡಬಹುದು, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಭಾಷೆಯ ತೊಡಕೂ ಇಲ್ಲ. ಆಮೇಲೆ ‘ಹೆಸ್ಟರ್ ಸ್ಟ್ರೀಟ್’, ಅದರ ಬೆನ್ನಿಗೆ ‘ನೇಮ್‌ಸೇಕ್’. ಎಂಬತ್ತು ವರ್ಷದ ಅಂತರದ ಇಬ್ಬರು ಸೊಸೆಯಂದಿರನ್ನು ಅಕ್ಕಪಕ್ಕ ಇಟ್ಟು ನೋಡಿದ ಹಾಗಾಗುತ್ತದೆ. ಸ್ವೀಡಿಷ್ ಜೋಡಿಯನ್ನು ಮಳೆಗಾಲದ ಬಿಡುವಿಗೆ ಇಟ್ಟುಕೊಳ್ಳಿ. ‘ಎಲ್ ನೋರ್ತೆ’ಯನ್ನು ಕಡೆಗೆ ನೋಡಿ, ರಾತ್ರಿ ಮಲಗುವ ಹೊತ್ತಿಗೆ ಬೇಡ, ಮೊಮ್ಮಕ್ಕಳು ಪಕ್ಕದಲ್ಲಿದ್ದರಂತೂ ಬೇಡವೇ ಬೇಡ. ಎರಡು ಗಂಟೆ ಇಪ್ಪತ್ತು ನಿಮಿಷವಿದೆ. ಊರು, ಗಡಿ, ಅಮೆರಿಕ ಎಂದು ಮೂರು ಭಾಗ ಮಾಡಿದ್ದಾನೆ. ಮೊದಲೆರಡನ್ನು ಒಂದು ದಿನ ನೋಡಿ, ಮೂರನೆಯದನ್ನು ಮರುದಿನಕ್ಕೆ ಉಳಿಸಿಕೊಂಡರೂ ನಡೆಯುತ್ತದೆ. ಇಂಗ್ಲಿಷ್ ಅಡಿಬರಹವಿರುವ ಪ್ರತಿಯನ್ನೇ ಹುಡುಕಿ. ಮಾಯಾ ಭಾಷೆ, ಸ್ಪ್ಯಾನಿಷ್, ಇಂಗ್ಲಿಷ್ ಮೂರೂ ಅದರಲ್ಲಿ ಬೇರೆ ಬೇರೆಯಾಗಿ ಕೇಳಿಸಲೇಬೇಕು, ಎಲ್ಲವನ್ನೂ ಒಂದೇ ಭಾಷೆಗೆ ಡಬ್ ಮಾಡಿದರೆ ಅರ್ಧ ಸಿನಿಮಾ ಹೋಯಿತು.